ಪತ್ರಿಕೆಯಲ್ಲಿ ವ್ಯಂಗ್ಯಕ್ಕೆ ಜಾಗ ಕೊಡಿ: ಮೈಸೂರು, ಮಂಡ್ಯದ ಸಂಪಾದಕರಿಗೆ ಒಂದು ಬಹಿರಂಗ ಪತ್ರ

ಮೈಸೂರು ಮತ್ತು ಮಂಡ್ಯ ಜಿಲ್ಲೆಗಳ ಕನ್ನಡ ಪತ್ರಿಕೆಗಳ ಸಂಪಾದಕರಿಗೆ,

ನಮಸ್ಕಾರ.

ಸುತ್ತಿ ಬಳಸಿ ಹೇಳುವುದಿಲ್ಲ. ನಿಮ್ಮ ಪತ್ರಿಕೆಯಲ್ಲಿ ನಮ್ಮ ಊರಿನ ವ್ಯಂಗ್ಯಚಿತ್ರಕ್ಕೆ, ವಿಡಂಬನೆಯ ಬರಹಕ್ಕೆ ದಿನವೂ ಒಂದು ಜಾಗ ಇರಲಿ ಎಂದು ಕೇಳಲು ಈ ಪತ್ರ. ರಾಜ್ಯದ, ದೇಶದ ರಾಜಕೀಯದ ಬಗ್ಗೆ ಬೆಂಗಳೂರಿನ ದೊಡ್ಡ ಪತ್ರಿಕೆಗಳು ಚಿತ್ರ ಬರೆಸುತ್ತವೆ. ಅದು ನಮಗೆ ಸಿಗುತ್ತದೆ. ಸಿಗದೆ ಇರುವುದು ನಮ್ಮ ನಗರಸಭೆ, ನಮ್ಮ ನಾಲೆ, ನಮ್ಮ ಸಕ್ಕರೆ ಕಾರ್ಖಾನೆ, ನಮ್ಮ ದಸರಾ ಸಮಿತಿಯ ಬಗ್ಗೆ ಬರೆದ ಚಿತ್ರ. ಸ್ಥಳೀಯ ಪತ್ರಿಕೆಯನ್ನು ಮೊದಲ ಪುಟದಿಂದ ಕೊನೇ ಪುಟದವರೆಗೆ ಓದುವವಳು ನಾನು. ಮುಖಂಡರ ಹುಟ್ಟುಹಬ್ಬದ ಶುಭಾಶಯಕ್ಕೆ ಅರ್ಧ ಪುಟ ಇರುತ್ತದೆ. ಎರಡು ಕಾಲಂ ಅಗಲದ ಒಂದು ಚಿತ್ರ ಹುಡುಕಿದರೂ ಕಾಣುವುದು ಅಪರೂಪ.

ನಾನು ಮಂಡ್ಯದ ಕಾಲೇಜೊಂದರಲ್ಲಿ ಕನ್ನಡ ಪಾಠ ಮಾಡುತ್ತೇನೆ. ನಮ್ಮ ಮಕ್ಕಳು ಒಂದು ಗೋಡೆ ಪತ್ರಿಕೆ ನಡೆಸುತ್ತಾರೆ. ಡ್ರಾಯಿಂಗ್ ಶೀಟಿನ ಮೇಲೆ ಕೈಯಲ್ಲೇ ಬರೆದು, ಗ್ರಂಥಾಲಯದ ಬಾಗಿಲ ಪಕ್ಕ ಅಂಟಿಸುತ್ತಾರೆ. ಅದರಲ್ಲಿ ಒಬ್ಬ ವಿದ್ಯಾರ್ಥಿನಿ ಬರೆದ ಒಂದು ಚಿತ್ರದ ಬಗ್ಗೆ ನಿಮಗೆ ಹೇಳಬೇಕು. ಅವಳು ಮಳವಳ್ಳಿ ಕಡೆಯ ರೈತರ ಮನೆಯ ಹುಡುಗಿ.

ಕೆಆರ್‌ಎಸ್ ಅಣೆಕಟ್ಟೆ ತುಂಬಿದಾಗ ಏನಾಗುತ್ತದೆ ಎಂದು ನಿಮಗೆ ಗೊತ್ತು. ನೀರಿನ ಮಟ್ಟ 124.80 ಅಡಿ ಮುಟ್ಟಿತು ಎಂಬ ಸುದ್ದಿ ಬರುತ್ತದೆ. ಮುಖ್ಯಮಂತ್ರಿ ಬರುತ್ತಾರೆ. ಮೊರದಲ್ಲಿ ಅರಿಶಿನ, ಕುಂಕುಮ, ಬಳೆ, ಬಿಚ್ಚೋಲೆ, ಧಾನ್ಯ, ರವಿಕೆ ಕಣ ಇಟ್ಟು, ಮೇಲೆ ಇನ್ನೊಂದು ಮೊರ ಮುಚ್ಚಿ ಕಾವೇರಿಗೆ ಬಾಗಿನ ಬಿಡುತ್ತಾರೆ. ಯಾವ ಪಕ್ಷದ ಸರ್ಕಾರ ಇದ್ದರೂ ಇದು ನಡೆಯುತ್ತದೆ. ಮಾರನೆಯ ದಿನ ಮೊದಲ ಪುಟದಲ್ಲಿ ಆ ಫೋಟೊ. ಸ್ವಲ್ಪ ದಿನ ಕಳೆದ ಮೇಲೆ ಐದನೆಯ ಪುಟದಲ್ಲೋ ಆರನೆಯದರಲ್ಲೋ ಇನ್ನೊಂದು ಸುದ್ದಿ: ‘ಕೊನೇ ಭಾಗಕ್ಕೆ ನೀರು ಹರಿಸಲು ರೈತರ ಒತ್ತಾಯ’. ಮದ್ದೂರು, ಮಳವಳ್ಳಿ ಕಡೆ ವಿ.ಸಿ. (ವಿಶ್ವೇಶ್ವರಯ್ಯ) ನಾಲೆಯ ಕೊನೇ ಭಾಗದವರಿಗೆ ಇದು ಹಳೆಯ ಪಾಡು. ಕಟ್ಟು ನೀರಿನ ಸರದಿ ಅವರವರೆಗೆ ಬರುವ ಹೊತ್ತಿಗೆ ಪೈರು ಬಾಡಿರುತ್ತದೆ. ತೂಬಿನ ಹತ್ತಿರ ಜಗಳ, ನೀರುಗಂಟಿಗೆ ಬೈಗುಳ.

ಹುಡುಗಿ ಬರೆದದ್ದು ಇದು. ಒಣಗಿದ ಕಿರುಗಾಲುವೆ. ಸಿಮೆಂಟಿನ ಬಿರುಕಿನಲ್ಲಿ ಪಾರ್ಥೇನಿಯಂ ಗಿಡ ಎದ್ದಿದೆ. ತಲೆಗೆ ಟವೆಲ್ ಸುತ್ತಿದ ರೈತ ಕಾಲುವೆಯ ಮಧ್ಯೆ ಕುಕ್ಕರಗಾಲಿನಲ್ಲಿ ಕೂತಿದ್ದಾನೆ. ಹೆಂಡತಿ ಹಣೆಗೆ ಕೈ ಅಡ್ಡ ಹಿಡಿದು ಮೇಲುಗಡೆಗೆ ನೋಡುತ್ತಿದ್ದಾಳೆ. ಅವಳು ಕೇಳುತ್ತಾಳೆ: ‘ಅಲ್ಲಾ, ಬಾಗ್ನ ಬುಟ್ಟು ತಿಂಗ್ಳಾಯ್ತು, ಮೊರ ಇನ್ನೂ ಇಲ್ಗಂಟ ಬರ್ನೇ ಇಲ್ವಲ್ಲ?’

ನಾವು ಅದನ್ನು ಒಂದು ಸ್ಥಳೀಯ ಪತ್ರಿಕೆಗೆ ಕೊಟ್ಟೆವು. ಯಾವುದು ಅಂತ ಹೇಳುವುದಿಲ್ಲ, ಅದು ಮುಖ್ಯವೂ ಅಲ್ಲ. ಅಲ್ಲಿನ ಹಿರಿಯರು ಚಿತ್ರ ನೋಡಿ ಮನಸಾರೆ ನಕ್ಕರು. ಪಕ್ಕದ ಮೇಜಿನವರನ್ನೂ ಕರೆದು ತೋರಿಸಿದರು. ಆಮೇಲೆ ‘ಚೆನ್ನಾಗಿದೆ ಮೇಡಂ, ಆದರೆ ಯಾಕ್ ಸುಮ್ನೆ ತಲೆನೋವು’ ಎಂದು ವಾಪಸ್ ಕೊಟ್ಟರು.

ಆ ಚಿತ್ರದಲ್ಲಿ ಹೊಸ ವಿಷಯ ಒಂದೂ ಇಲ್ಲ, ಗಮನಿಸಿ. ಬಾಗಿನದ ಸುದ್ದಿ ನಿಮ್ಮಲ್ಲೇ ಬಂದಿತ್ತು. ನೀರಿಲ್ಲದ ಸುದ್ದಿಯೂ ನಿಮ್ಮಲ್ಲೇ ಬಂದಿತ್ತು. ಎರಡೂ ನಿಜ. ಎರಡನ್ನೂ ನಿಮ್ಮ ವರದಿಗಾರರೇ ಬಿಸಿಲಲ್ಲಿ ಅಲೆದು ತಂದದ್ದು. ಆದರೆ ಒಂದು ಮೊದಲ ಪುಟದಲ್ಲಿತ್ತು, ಇನ್ನೊಂದು ಒಳಪುಟದಲ್ಲಿತ್ತು. ಓದುವವರ ತಲೆಯಲ್ಲಿ ಅವೆರಡೂ ಸೇರಲಿಲ್ಲ. ಆ ಹುಡುಗಿ ಸೇರಿಸಿದಳು. ವ್ಯಂಗ್ಯ ಮಾಡುವ ಕೆಲಸ ಇದೇ ಎಂದು ನಾನು ನಂಬಿದ್ದೇನೆ. ಬೇರೆ ಬೇರೆ ಪುಟದಲ್ಲಿ, ಬೇರೆ ಬೇರೆ ದಿನ ಬಂದು ಹೋಗುವ ಎರಡು ನಿಜಗಳನ್ನು ಅದು ಒಂದೇ ಚೌಕಟ್ಟಿನೊಳಗೆ ತಂದು ನಿಲ್ಲಿಸುತ್ತದೆ.

ವರದಿಗೆ ಇದು ಆಗುವುದಿಲ್ಲ. ಯಾರು ಏನು ಹೇಳಿದರು, ಎಲ್ಲಿ, ಯಾವಾಗ ಎಂದು ಬರೆಯುವುದು ವರದಿಗಾರನ ಧರ್ಮ. ‘ಬಾಗಿನವೇನೋ ಬಿಟ್ಟರು, ನೀರು ಮಾತ್ರ ಕೆಳಗೆ ಇಳಿಯಲಿಲ್ಲ’ ಎಂದು ಅವನು ಬರೆದರೆ ಡೆಸ್ಕಿನಲ್ಲಿ ಕೂತವರು ‘ಇದು ನಿನ್ನ ಅಭಿಪ್ರಾಯ’ ಎಂದು ಹೊಡೆದುಹಾಕುತ್ತಾರೆ. ಹೊಡೆದುಹಾಕಬೇಕಾದ್ದೂ ಹೌದು. ಹಾಗಾದರೆ ಆ ಮಾತಿಗೆ ಪತ್ರಿಕೆಯಲ್ಲಿ ಜಾಗ ಎಲ್ಲಿ? ಸಂಪಾದಕೀಯ ಇದೆ ಅನ್ನಬಹುದು. ಅದನ್ನು ಓದುವವರು ಎಷ್ಟು ಜನ ಎಂದು ನನಗಿಂತ ನಿಮಗೆ ಚೆನ್ನಾಗಿ ಗೊತ್ತು. ಚಿತ್ರವನ್ನು ಟೀ ಅಂಗಡಿ ಮುಂದೆ ಲೋಟ ಹಿಡಿದು ನಿಂತವರೂ ನೋಡುತ್ತಾರೆ.

ನೀವು ಜಾಗ ಕೊಡದೆ ಹೋದರೆ ಜನ ಸುಮ್ಮನಿರುವುದಿಲ್ಲ, ತಾವೇ ಮಾಡಿಕೊಳ್ಳುತ್ತಾರೆ. 2019ರ ಲೋಕಸಭಾ ಚುನಾವಣೆ ನೆನಪಿಸಿಕೊಳ್ಳಿ. ‘ನಿಖಿಲ್ ಎಲ್ಲಿದ್ದೀಯಪ್ಪಾ’ ಎಂಬ ಒಂದು ಮಾತು ಮಂಡ್ಯದಿಂದ ಹೊರಟು ಇಡೀ ರಾಜ್ಯ ಸುತ್ತಿತು. ಹಳೆಯ ಸಿನಿಮಾ ಕಾರ್ಯಕ್ರಮವೊಂದರಲ್ಲಿ ತಂದೆ ಎಚ್.ಡಿ. ಕುಮಾರಸ್ವಾಮಿ ಮಗ ನಿಖಿಲ್‌ನನ್ನು ವೇದಿಕೆಯಿಂದ ಕರೆದ ಮಾತು ಅದು. ಅದರಲ್ಲಿ ನಗುವಂಥದ್ದು ಏನಿತ್ತು? ಸುಮ್ನೆ ಕೇಳಿದರೆ ಏನೂ ಇಲ್ಲ. ಆದರೆ ಆ ಸಲ ತಾತ ದೇವೇಗೌಡರು ತುಮಕೂರಿನಲ್ಲಿ, ಒಬ್ಬ ಮೊಮ್ಮಗ ಹಾಸನದಲ್ಲಿ, ಇನ್ನೊಬ್ಬ ಮೊಮ್ಮಗ ಮಂಡ್ಯದಲ್ಲಿ ನಿಂತಿದ್ದರು. ಪತ್ರಿಕೆಗಳಲ್ಲಿ ಅವು ಮೂರು ಕ್ಷೇತ್ರದ ಮೂರು ಸುದ್ದಿ. ಜನ ಅವನ್ನು ಒಂದು ಮಾತಿನಲ್ಲಿ ಕೂಡಿಸಿದರು. ಕುಟುಂಬ ರಾಜಕಾರಣದ ಬಗ್ಗೆ ಎಷ್ಟೋ ಲೇಖನಗಳು ಮುಟ್ಟದ ಕಡೆಗೆ ಅದು ಮುಟ್ಟಿತು.

ಆದರೆ ಅದೇ ಮಾತು ಆಮೇಲೆ ಸವೆದು ಹೋಯಿತು. ಮದುವೆ ಮನೆಯಲ್ಲಿ, ಕ್ರಿಕೆಟ್ ಮೈದಾನದಲ್ಲಿ, ಯಾರನ್ನು ಹುಡುಕುವುದಕ್ಕೂ ಅದೇ ಮಾತು. ಪ್ರಶ್ನೆ ಕಳೆದುಹೋಗಿ ಬರೀ ಕೂಗು ಉಳಿಯಿತು. ಮೊಬೈಲಿನ ವ್ಯಂಗ್ಯದ ಹಣೆಬರಹ ಇದು. ಯಾರು ಮಾಡಿದರು ಗೊತ್ತಿಲ್ಲ, ಮುಂದಿನ ಪ್ರಶ್ನೆ ಕೇಳುವ ಹೊಣೆ ಯಾರಿಗೂ ಇಲ್ಲ. ದಿನವೂ ಕೂತು ಚಿತ್ರ ಬರೆಯುವ ಒಬ್ಬರು ನಿಮ್ಮ ಕಚೇರಿಯಲ್ಲಿದ್ದರೆ ಮಾರನೆಯ ದಿನ ಇನ್ನೊಂದು ಪಕ್ಷದ ಕುಟುಂಬದ ಕಡೆ ತಿರುಗುತ್ತಿದ್ದರು, ಅದರಾಚೆಯ ದಿನ ಮತ ಹಾಕುವ ನಮ್ಮ ಕಡೆಗೂ.

2024ರ ಡಿಸೆಂಬರ್‌ನಲ್ಲಿ 87ನೇ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನ ನಮ್ಮ ಮಂಡ್ಯದಲ್ಲೇ ನಡೆಯಿತು. ಮಳಿಗೆಗಳಲ್ಲಿ ಏನೇನು ಮಾಡಬಾರದು ಎಂಬ ಸೂಚನೆಯಲ್ಲಿ ಮದ್ಯ, ತಂಬಾಕಿನ ಸಾಲಿನಲ್ಲೇ ಮಾಂಸಾಹಾರವನ್ನೂ ಸೇರಿಸಿದ್ದರು. ಅದಕ್ಕೆ ಜನ ಕೊಟ್ಟ ಉತ್ತರ ‘ಬಾಡೇ ನಮ್ ಗಾಡು’, ಅಂದರೆ ಮಾಂಸವೇ ನಮ್ಮ ದೇವರು. ಮೂರೇ ಪದ. ಬಾಡೂಟ ಬೇಕೋ ಬೇಡವೋ ಎಂಬುದು ಬೇರೆ ಮಾತು, ಅದರಲ್ಲಿ ಎರಡು ಅಭಿಪ್ರಾಯ ಇರಬಹುದು. ಆದರೆ ಮಂಡ್ಯದ ಮನೆಮನೆಯಲ್ಲಿ ಬೇಯುವ ಸಾರನ್ನು ಹೆಂಡ, ಬೀಡಿಯ ಪಕ್ಕ ಕೂರಿಸಿದ್ದು ಎಷ್ಟು ನೋಯಿಸಿತ್ತು ಎಂದು ಆ ಮೂರು ಪದ ಹೇಳಿದವು. ಬೈದಿದ್ದರೆ ಜಗಳ ಆಗುತ್ತಿತ್ತು. ನಗಿಸಿದ್ದರಿಂದ ಸಂಘಟಕರೂ ಉತ್ತರ ಕೊಡಬೇಕಾಯಿತು.

ಇದು ನಮ್ಮ ನೆಲಕ್ಕೆ ಹೊಸದೂ ಅಲ್ಲ. ಮಂಟೇಸ್ವಾಮಿಯ ಕತೆಯನ್ನು ನೀಲಗಾರರು ತಂಬೂರಿ ಹಿಡಿದು ಹಾಡುವುದನ್ನು ನೀವೂ ಕೇಳಿರುತ್ತೀರಿ. ಬಸವಣ್ಣನವರ ಕಲ್ಯಾಣಕ್ಕೆ ಬರುವ ಮಂಟೇಸ್ವಾಮಿ ಮೈಯೆಲ್ಲ ಗಬ್ಬು ನಾರುವ ಹಾಗೆ ಮಾಡಿಕೊಂಡು, ಸತ್ತ ಕರುವನ್ನು ಹೊತ್ತು ಬರುತ್ತಾರೆ. ನಾವೇ ಶರಣರು, ನಾವೇ ಶುದ್ಧರು ಅಂದುಕೊಂಡವರು ಮೂಗು ಮುಚ್ಚಿಕೊಳ್ಳುತ್ತಾರೆ, ಬಾಗಿಲು ಹಾಕುತ್ತಾರೆ. ಬಂದವರು ಧರೆಗೆ ದೊಡ್ಡವರು ಎಂದು ಆಮೇಲೆ ಗೊತ್ತಾಗುತ್ತದೆ. ಸಮಾನತೆ ಹೇಳಿದ ಊರಿನಲ್ಲೇ ಬೂಟಾಟಿಕೆ ಸೇರಿಕೊಂಡದ್ದನ್ನು ಇಷ್ಟು ಕಟುವಾಗಿ ತೋರಿಸಿದ ಕತೆ ನನಗೆ ಬೇರೆ ಗೊತ್ತಿಲ್ಲ. ಅದನ್ನು ಹಾಡಿದವರು ಓದು ಬರಹ ಕಲಿಯಲು ಅವಕಾಶವೇ ಇಲ್ಲದಿದ್ದ ಜನ. ಕೇಳಿದವರೂ ಅವರೇ. ತೊಗಲುಗೊಂಬೆಯಾಟದಲ್ಲಿ ರಾಮ ರಾವಣರ ಯುದ್ಧದ ಮಧ್ಯೆ ಕಿಳ್ಳೇಕ್ಯಾತ, ಬಂಗಾರಕ್ಕ ಬಂದು ಊರಿನ ಮಾತು ತೆಗೆಯುತ್ತಿದ್ದರು. ದೊಡ್ಡವರ ಮುಂದೆ ಹೇಳಲಾಗದ್ದನ್ನು ಆ ಎರಡು ಗೊಂಬೆಗಳು ದೊಡ್ಡವರ ಎದುರೇ ಹೇಳಿ ಹೋಗುತ್ತಿದ್ದವು. ಊರಿನವರು ಅದಕ್ಕಾಗಿ ಕಾಯುತ್ತಿದ್ದರು.

ಮೈಸೂರಿನ ಸಂಪಾದಕರಿಗೆ ಇನ್ನೊಂದು ಮಾತು ನೆನಪಿಸಬೇಕು. ದೇಶದಲ್ಲೇ ಹೆಚ್ಚು ಜನರಿಗೆ ಗೊತ್ತಿರುವ ವ್ಯಂಗ್ಯಚಿತ್ರಕಾರ ಆರ್.ಕೆ. ಲಕ್ಷ್ಮಣ್ ಹುಟ್ಟಿದ್ದು ನಿಮ್ಮ ಊರಿನಲ್ಲಿ, 1921ರಲ್ಲಿ. ಓದಿದ್ದು ಮಹಾರಾಜ ಕಾಲೇಜಿನಲ್ಲಿ. ಮುಂಬೈನ ಜೆ.ಜೆ. ಕಲಾ ಶಾಲೆ ಅವರಿಗೆ ಸೀಟು ಕೊಡಲಿಲ್ಲ. ಅವರ ಕೈ ಪಳಗಿದ್ದು ಇಲ್ಲಿ. ಡಾ. ಎಂ. ಶಿವರಾಂ, ಅಂದರೆ ನಮ್ಮ ‘ರಾಶಿ’ಯವರು, 1942ರಲ್ಲಿ ‘ಕೊರವಂಜಿ’ ಎಂಬ ಹಾಸ್ಯ ಮಾಸಪತ್ರಿಕೆ ಶುರು ಮಾಡಿದರು. ಯುವಕ ಲಕ್ಷ್ಮಣ್ ಅದಕ್ಕೆ ಚಿತ್ರ ಬರೆದರು. ರಾಶಿಯವರು ರೋಗಿಗಳನ್ನು ನೋಡುತ್ತಿದ್ದ ಡಾಕ್ಟರು. ಆ ಕೆಲಸದ ಜೊತೆಗೇ 1967ರವರೆಗೆ ಪತ್ರಿಕೆ ನಡೆಸಿದರು. ಮೈಸೂರಿನಲ್ಲಿ ಇತಿಹಾಸ ಪಾಠ ಹೇಳುತ್ತಿದ್ದ ನಾ. ಕಸ್ತೂರಿ ಅದರಲ್ಲಿ ಬರೆದರು. ಕಸ್ತೂರಿಯವರ ಮನೆಮಾತು ಮಲಯಾಳಂ. ಕನ್ನಡ ಕಲಿತು ಕನ್ನಡಿಗರನ್ನೇ ನಗಿಸಿದರು. ಒಬ್ಬ ಡಾಕ್ಟರು, ಒಬ್ಬ ಮೇಷ್ಟ್ರು, ಒಬ್ಬ ಕಾಲೇಜು ಹುಡುಗ. ಇವರಿಗೆ ಒಂದು ಪತ್ರಿಕೆ ಜಾಗ ಕೊಟ್ಟಿತು. 1951ರಲ್ಲಿ ಲಕ್ಷ್ಮಣ್ ಮುಂಬೈನಲ್ಲಿ ‘ಯು ಸೆಡ್ ಇಟ್’ ಎಂಬ ದಿನದ ಚಿತ್ರ ಶುರು ಮಾಡುವ ಹೊತ್ತಿಗೆ, ಅದಕ್ಕೆ ಬೇಕಾದ ಅಭ್ಯಾಸ ಕನ್ನಡದಲ್ಲಿ ಆಗಿತ್ತು. ಆ ಚಿತ್ರಗಳಲ್ಲಿ ಬರುವ ಚೌಕಳಿ ಕೋಟಿನ ಶ್ರೀಸಾಮಾನ್ಯ ಬಾಯಿ ಬಿಡುವುದಿಲ್ಲ, ನಿಂತು ನೋಡುತ್ತಾನೆ ಅಷ್ಟೇ. ಇವತ್ತು ಅಷ್ಟೇ ಚುರುಕಾದ ಹುಡುಗನೊಬ್ಬ, ಹುಡುಗಿಯೊಬ್ಬಳು ಮೈಸೂರಿನಲ್ಲಿದ್ದರೆ ಅವರು ಮೊದಲ ಚಿತ್ರವನ್ನು ಯಾರಿಗೆ ಕೊಡಬೇಕು? ಇದು ನನ್ನನ್ನು ನಿಜವಾಗಿ ಕಾಡುವ ಪ್ರಶ್ನೆ.

ದಿನಪತ್ರಿಕೆಗೂ ಇದು ಹೊಸದಲ್ಲ. ‘ಪ್ರಜಾವಾಣಿ’ಯ ಸಂಪಾದಕರಾಗಿದ್ದ ಟಿ.ಎಸ್. ರಾಮಚಂದ್ರರಾಯರು ‘ಛೂಬಾಣ’ ಎಂಬ ಅಂಕಣ ಬರೆಯುತ್ತಿದ್ದರು. ಸಂಪಾದಕರೇ ವ್ಯಂಗ್ಯ ಬರೆದದ್ದು ಅದು. ಅವರ ಹೆಸರಿನಲ್ಲಿ ಸರ್ಕಾರವೇ ಪ್ರಶಸ್ತಿ ಕೊಡುತ್ತದೆ. ಆ ಹೆಸರನ್ನು ಗೌರವಿಸುವವರು ಅವರು ಮಾಡಿದ ಕೆಲಸವನ್ನೂ ಮುಂದುವರಿಸಬೇಕು, ಅಲ್ವಾ?

ನೀವು ಹಿಂಜರಿಯುವುದಕ್ಕೆ ಕಾರಣಗಳಿವೆ, ಗೊತ್ತು. ಮೊದಲನೆಯದು ಹೆದರಿಕೆ. ಅದನ್ನು ನಾನು ಹಗುರವಾಗಿ ನೋಡುವುದಿಲ್ಲ. ದೊಡ್ಡ ಪತ್ರಿಕೆಗೆ ವಕೀಲರಿದ್ದಾರೆ. ನಿಮಗೆ ಜಾಹೀರಾತು ಕೊಡುವವರು, ಸುದ್ದಿ ಕೊಡುವವರು, ಬೈಯುವವರು ಎಲ್ಲ ಒಂದೇ ಊರಿನವರು. ಬೆಳಿಗ್ಗೆ ವಾಕಿಂಗ್‌ನಲ್ಲಿ ಎದುರು ಸಿಗುತ್ತಾರೆ. ಕೇಸು ಹಾಕಿದರೆ ಓಡಾಡಬೇಕಾದವರು ನೀವೇ.

ಕೇಸು ಎಷ್ಟು ಎಳೆಯಬಹುದು ಎಂಬುದಕ್ಕೆ ಕೋಲ್ಕತ್ತದಲ್ಲಿ ಒಂದು ಉದಾಹರಣೆ ಇದೆ. ಜಾಧವಪುರ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಅಂಬಿಕೇಶ್ ಮಹಾಪಾತ್ರ ಅವರನ್ನು 2012ರ ಏಪ್ರಿಲ್‌ನಲ್ಲಿ ಬಂಧಿಸಿದರು. ಅವರು ಮಾಡಿದ್ದು ಮುಖ್ಯಮಂತ್ರಿಯ ಬಗೆಗಿನ ಒಂದು ವ್ಯಂಗ್ಯಚಿತ್ರವನ್ನು ಇಮೇಲಿನಲ್ಲಿ ಬೇರೆಯವರಿಗೆ ಕಳಿಸಿದ್ದು. ಆ ಪ್ರಕರಣದಿಂದ ಅವರು ಬಿಡುಗಡೆಯಾದದ್ದು 2023ರ ಜನವರಿಯಲ್ಲಿ. ಹತ್ತು ವರ್ಷಕ್ಕೂ ಜಾಸ್ತಿ! ಈ ಮಧ್ಯೆ, 2015ರ ಮಾರ್ಚ್ 24ರಂದು, ಅವರ ಮೇಲೆ ಹಾಕಿದ್ದ ಐಟಿ ಕಾಯ್ದೆಯ 66ಎ ಸೆಕ್ಷನ್ನನ್ನು ಸುಪ್ರೀಂ ಕೋರ್ಟು ರದ್ದು ಮಾಡಿತ್ತು. ಕಾನೂನು ಸತ್ತ ಮೇಲೂ ಕೇಸು ಬದುಕಿತ್ತು.

ಆದರೆ ಈಗ ನಿಮ್ಮ ಕೈಯಲ್ಲಿ ಒಂದು ಗಟ್ಟಿ ತೀರ್ಪಿದೆ. ಅದನ್ನು ಪ್ರತಿ ಸಂಪಾದಕರೂ ಪ್ರಿಂಟ್ ತೆಗೆದು ಮೇಜಿನ ಮೇಲೆ ಇಟ್ಟುಕೊಳ್ಳಬೇಕು. ಸಂಸದ ಇಮ್ರಾನ್ ಪ್ರತಾಪಗಢಿ ಅವರ ಮೇಲೆ ಒಂದು ಕವನಕ್ಕಾಗಿ ಗುಜರಾತಿನಲ್ಲಿ ಹಾಕಿದ್ದ ಎಫ್‌ಐಆರ್ ಅನ್ನು ಸುಪ್ರೀಂ ಕೋರ್ಟು 2025ರ ಮಾರ್ಚ್ 28ರಂದು ರದ್ದು ಮಾಡಿತು. ಕಾವ್ಯ, ನಾಟಕ, ಸಿನಿಮಾದ ಜೊತೆಗೆ ವ್ಯಂಗ್ಯವನ್ನೂ ಹೆಸರಿಸಿ, ಇವು ಮನುಷ್ಯರ ಬದುಕಿಗೆ ಅರ್ಥ ಕೊಡುತ್ತವೆ ಎಂದು ಹೇಳಿತು. ಆಡಿದ ಮಾತಿನ ಪರಿಣಾಮವನ್ನು ಗಟ್ಟಿ ಮನಸ್ಸಿನ, ವಿವೇಕ ಇರುವ ಜನರ ಅಳತೆಯಿಂದ ನೋಡಬೇಕು, ಮಾತುಮಾತಿಗೂ ಅಳುಕುವ ಮನಸ್ಸಿನ ಅಳತೆಯಿಂದ ಅಲ್ಲ ಎಂದಿತು. ಪೊಲೀಸರಿಗೆ ಒಂದು ದಾರಿಯನ್ನೂ ತೋರಿಸಿತು. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173(3)ರ ಪ್ರಕಾರ, ಮೂರರಿಂದ ಏಳು ವರ್ಷದೊಳಗಿನ ಶಿಕ್ಷೆಯ ಆರೋಪವಾದರೆ, ಡಿವೈಎಸ್ಪಿ ಅನುಮತಿ ಪಡೆದು 14 ದಿನದಲ್ಲಿ ಮೊದಲು ಪ್ರಾಥಮಿಕ ವಿಚಾರಣೆ ಮಾಡಬಹುದು. ಬರಹ, ಮಾತಿನ ಪ್ರಕರಣಗಳಲ್ಲಿ ಹೀಗೆ ಮಾಡುವುದೇ ಸರಿ ಎಂದು ಕೋರ್ಟು ಹೇಳಿದೆ. ನಾಳೆ ಯಾರಾದರೂ ನಿಮ್ಮ ಚಿತ್ರ ಹಿಡಿದು ಠಾಣೆಗೆ ಹೋದರೆ, ನೀವು ಕೇಳಬೇಕಾದ ಮೊದಲ ಪ್ರಶ್ನೆ ಇದು: ವಿಚಾರಣೆ ಮಾಡಿದಿರಾ? ಮಾನನಷ್ಟದ ಕಾನೂನಿನಲ್ಲೂ ಅಧಿಕಾರದಲ್ಲಿ ಇರುವವರು ಸಾರ್ವಜನಿಕ ಕೆಲಸದಲ್ಲಿ ನಡೆದುಕೊಂಡ ರೀತಿಯ ಬಗ್ಗೆ ಸದುದ್ದೇಶದಿಂದ ಅಭಿಪ್ರಾಯ ಹೇಳುವುದಕ್ಕೆ ವಿನಾಯಿತಿ ಇದೆ.

ಸುದ್ದಿ ಮಾಡುವವರು, ವ್ಯಂಗ್ಯ ಮಾಡುವವರು ಬೇರೆ ಬೇರೆ ಜಾತಿ ಎಂದುಕೊಳ್ಳುವುದೂ ತಪ್ಪು. 2023ರಲ್ಲಿ ಕೇಂದ್ರ ಸರ್ಕಾರ ಐಟಿ ನಿಯಮಗಳನ್ನು ತಿದ್ದಿ, ತನ್ನ ಬಗ್ಗೆ ಬಂದ ಮಾಹಿತಿಯಲ್ಲಿ ಯಾವುದು ಸುಳ್ಳು ಎಂದು ತಾನೇ ತೀರ್ಮಾನ ಮಾಡುವ ಘಟಕ ತರಲು ಹೊರಟಿತು. ಅದನ್ನು ಬಾಂಬೆ ಹೈಕೋರ್ಟಿನಲ್ಲಿ ಪ್ರಶ್ನಿಸಿದವರಲ್ಲಿ ಹಾಸ್ಯ ಕಲಾವಿದ ಕುನಾಲ್ ಕಾಮ್ರಾ ಇದ್ದರು, ಸಂಪಾದಕರ ಸಂಘಟನೆ ಎಡಿಟರ್ಸ್ ಗಿಲ್ಡ್ ಕೂಡ ಇತ್ತು. 2024ರ ಸೆಪ್ಟೆಂಬರ್‌ನಲ್ಲಿ ಕೋರ್ಟು ಆ ತಿದ್ದುಪಡಿಯನ್ನು ರದ್ದು ಮಾಡಿತು. ನಗಿಸುವವನ ಬಾಯಿ ಕಟ್ಟಲು ತಂದ ಹಗ್ಗ ವರದಿಗಾರನ ಕೈಗೂ ಬರುತ್ತದೆ.

ಎರಡನೆಯ ಕಾರಣ ಇನ್ನೂ ಕಷ್ಟದ್ದು. ‘ಜನ ನಿಜ ಅಂದುಕೊಂಡುಬಿಟ್ಟರೆ?’ ಎಂದು ನೀವು ಕೇಳುತ್ತೀರಿ. ನ್ಯಾಯವಾದ ಪ್ರಶ್ನೆ. ಸಾಮಾನ್ಯ ಓದುಗರಷ್ಟೇ ಅಲ್ಲ, ದೊಡ್ಡ ದೊಡ್ಡ ಪತ್ರಿಕೆಗಳೇ ಹೀಗೆ ಬಿದ್ದಿವೆ. ಅಮೆರಿಕದ ‘ದಿ ಆನಿಯನ್’ ಎಂಬ ವಿಡಂಬನೆಯ ಪತ್ರಿಕೆ 2012ರಲ್ಲಿ ಉತ್ತರ ಕೊರಿಯಾದ ಕಿಮ್ ಜಾಂಗ್ ಉನ್ ಅವರನ್ನು ಜಗತ್ತಿನ ಅತಿ ಆಕರ್ಷಕ ಗಂಡಸು ಎಂದು ‘ಘೋಷಿಸಿತು’. ಚೀನಾದ ‘ಪೀಪಲ್ಸ್ ಡೈಲಿ’ಯ ಜಾಲತಾಣ ಅದನ್ನು ನಿಜವೆಂದು ನಂಬಿ, 55 ಫೋಟೊ ಹಾಕಿ ಪ್ರಕಟಿಸಿತು. ನಮ್ಮಲ್ಲಿ ವಾಟ್ಸ್ಆ್ಯಪ್ ಗುಂಪುಗಳಲ್ಲಿ ಏನೇನು ಓಡಾಡುತ್ತದೆ ಎಂದು ನೀವು ದಿನವೂ ನೋಡುತ್ತೀರಿ. ವಾಹಿನಿಯ ಲೋಗೊ ಅಂಟಿಸಿ, ಮಂತ್ರಿಗಳು ಹೇಳದ ಮಾತನ್ನು ಅವರ ಬಾಯಿಗೆ ತುರುಕಿ ಮಾಡಿದ ಕಾರ್ಡುಗಳು. ಕೇಳಿದರೆ ‘ತಮಾಷೆಗೆ ಮಾಡಿದ್ದು’ ಅನ್ನುತ್ತಾರೆ.

ಅದು ತಮಾಷೆ ಅಲ್ಲ. ನಾನು ತರಗತಿಯಲ್ಲಿ ಮಕ್ಕಳಿಗೆ ಹೇಳುವ ವ್ಯತ್ಯಾಸ ಇಷ್ಟೇ. ವ್ಯಂಗ್ಯಕ್ಕೆ ನೀವು ಅದನ್ನು ಪತ್ತೆ ಹಚ್ಚುವುದು ಬೇಕು. ಹಚ್ಚದಿದ್ದರೆ ಅದು ಸೋತಿತು. ಸುಳ್ಳಿಗೆ ನೀವು ಪತ್ತೆ ಹಚ್ಚಬಾರದು. ಹಚ್ಚಿದರೆ ಅದು ಸೋತಿತು. ಮೊರಕ್ಕಾಗಿ ಕಾಯುವ ಹೆಂಗಸಿನ ಚಿತ್ರ ನೋಡಿ ‘ಓಹೋ, ಮೊರ ನಿಜವಾಗಿಯೂ ತೇಲಿ ಬರಬೇಕಿತ್ತೇನೋ’ ಎಂದು ಯಾರೂ ಅಂದುಕೊಳ್ಳುವುದಿಲ್ಲ. ಲೋಗೊ ಕದ್ದ ಕಾರ್ಡು ನೋಡಿದವರು ನಂಬಲಿ ಎಂದೇ ಅದನ್ನು ಮಾಡಿರುತ್ತಾರೆ.

‘ಇದು ವ್ಯಂಗ್ಯ’ ಎಂದು ಹಣೆಪಟ್ಟಿ ಹಾಕಬೇಕೇ ಎಂಬ ವಾದ ಇದೆ. ಅಮೆರಿಕದ ಒಹಾಯೊ ರಾಜ್ಯದ ಪಾರ್ಮಾ ಎಂಬ ಊರಿನಲ್ಲಿ ಆಂಥನಿ ನೊವಾಕ್ ಎಂಬಾತ 2016ರಲ್ಲಿ ಪೊಲೀಸ್ ಇಲಾಖೆಯ ಫೇಸ್‌ಬುಕ್ ಪುಟವನ್ನೇ ಅಣಕಿಸಿ ಒಂದು ಪುಟ ಮಾಡಿದ. ಪೊಲೀಸರು ಬಂಧಿಸಿದರು. ನಾಲ್ಕು ದಿನ ಜೈಲಿನಲ್ಲಿದ್ದ. ಕೋರ್ಟಿನಲ್ಲಿ ನಿರ್ದೋಷಿ ಎಂದಾಯಿತು. ಆಮೇಲೆ ಅವನು ಪೊಲೀಸರ ಮೇಲೆ ಹೂಡಿದ ದಾವೆ ಅಲ್ಲಿನ ಸುಪ್ರೀಂ ಕೋರ್ಟಿನ ಬಾಗಿಲಿಗೆ ಹೋದಾಗ, 2022ರ ಅಕ್ಟೋಬರ್‌ನಲ್ಲಿ ‘ದಿ ಆನಿಯನ್’ ಅವನ ಪರವಾಗಿ ಒಂದು ಅರ್ಜಿ ಸಲ್ಲಿಸಿತು. ಇದು ಅಣಕ ಎಂದು ಮೊದಲೇ ಹೇಳಿಬಿಟ್ಟರೆ ಅಣಕ ಸಾಯುತ್ತದೆ ಎಂಬುದು ಅದರ ವಾದ. ಕೋರ್ಟು ಆ ಪ್ರಕರಣ ಕೈಗೆತ್ತಿಕೊಳ್ಳಲಿಲ್ಲ. ನನಗೆ ಆ ವಾದ ಅರ್ಧ ಒಪ್ಪಿಗೆ. ಅಚ್ಚಾದ ಪತ್ರಿಕೆಯಲ್ಲಿ ದಿನವೂ ಅದೇ ಮೂಲೆ, ಅದೇ ಚೌಕಟ್ಟು ಇದ್ದರೆ ಸಾಕು, ಓದುಗರಿಗೆ ಗೊತ್ತಾಗುತ್ತದೆ. ಆದರೆ ಇವತ್ತು ಯಾರೋ ಮೊಬೈಲಿನಲ್ಲಿ ಆ ಮೂಲೆಯನ್ನಷ್ಟೇ ಕತ್ತರಿಸಿ ಕಳಿಸುತ್ತಾರೆ. ಪುಟ ಹಿಂದೆ ಉಳಿಯುತ್ತದೆ. ಅದಕ್ಕೇ ಅಂಕಣದ ಹೆಸರು, ಪತ್ರಿಕೆಯ ಹೆಸರು, ಬರೆದವರ ಹೆಸರು ಮೂರೂ ಚೌಕಟ್ಟಿನ ಒಳಗೇ ಇರಬೇಕು. ಹೊರಗೆ ಇದ್ದರೆ ಕತ್ತರಿಗೆ ಸಿಗುತ್ತದೆ.

‘ಯಾರಿಗೋ ನೋವಾಗುತ್ತದೆ’ ಎಂಬ ಮಾತೂ ಬರುತ್ತದೆ. ಇಲ್ಲಿ ನಾನು ನಿಮ್ಮ ಕಡೆಗೇ ಇದ್ದೇನೆ, ಒಂದು ಮಟ್ಟದವರೆಗೆ. ಟಿವಿ ಹಾಸ್ಯದಲ್ಲಿ ಪೆದ್ದನ ಪಾತ್ರ ಬಂದರೆ ಅವನ ಬಾಯಲ್ಲಿ ಮಂಡ್ಯದ ಮಾತು ಇಡುವುದನ್ನು ನೋಡಿದ್ದೇನೆ. ನಮ್ಮ ಮಕ್ಕಳು ಬೆಂಗಳೂರಿಗೆ ಕೆಲಸಕ್ಕೆ ಹೋಗಿ, ‘ಅದ’, ‘ಇಲ್ವ’ ಅನ್ನಲು ನಾಚಿಕೊಂಡು ಮಾತು ನುಂಗುವುದನ್ನೂ ನೋಡಿದ್ದೇನೆ. ಗಂಡಸು ಸೀರೆ ಉಟ್ಟು ಬಂದರೆ ನಗು, ದಪ್ಪಗಿದ್ದರೆ ನಗು, ಕಪ್ಪಗಿದ್ದರೆ ನಗು. 2019ರ ಅದೇ ಚುನಾವಣೆಯಲ್ಲಿ, ಗಂಡನನ್ನು ಕಳೆದುಕೊಂಡು ಸ್ವಲ್ಪ ದಿನದಲ್ಲೇ ಕಣಕ್ಕೆ ಇಳಿದ ಹೆಣ್ಣುಮಗಳ ಬಗ್ಗೆ ಆಡಿದ ಮಾತುಗಳೂ ನೆನಪಿವೆ. ಇವು ಯಾವುವೂ ವ್ಯಂಗ್ಯ ಅಲ್ಲ. ತನಗಿಂತ ಕಡಿಮೆ ಬಲ ಇರುವವರನ್ನು ನೋಡಿ ನಗುವುದಕ್ಕೆ ಧೈರ್ಯವೂ ಬೇಡ, ಬುದ್ಧಿಯೂ ಬೇಡ. ಅದಕ್ಕೆ ನಿಮ್ಮ ಪತ್ರಿಕೆಯಲ್ಲಿ ಒಂದು ಸಾಲೂ ಕೊಡಬೇಡಿ. ಅಧಿಕಾರ ಇರುವವರು, ಹಣ ಇರುವವರು, ಮೈಕು ಇರುವವರು ನಗುವಿಗೆ ಸಿಗಲಿ. ಅವರಿಗೆ ನೋವಾದರೆ ಮಾರನೆಯ ದಿನ ಪತ್ರಿಕಾಗೋಷ್ಠಿ ಕರೆಯುವ ಶಕ್ತಿ ಇದೆ.

ಶಕ್ತಿ ಇದ್ದೂ ನಗುವಿಗೆ ಹೆದರದ ನಾಯಕರಿದ್ದರು. 1948ರಲ್ಲಿ ವ್ಯಂಗ್ಯಚಿತ್ರಕಾರ ಶಂಕರ್ ಅವರ ಪತ್ರಿಕೆ ‘ಶಂಕರ್ಸ್ ವೀಕ್ಲಿ’ಯನ್ನು ಬಿಡುಗಡೆ ಮಾಡಿದವರು ನೆಹರು. ತನ್ನನ್ನೂ ಬಿಡಬೇಡ ಎಂದು ಶಂಕರ್ ಅವರಿಗೆ ಹೇಳಿದ್ದರು. ಶಂಕರ್ ಬಿಡಲಿಲ್ಲ. ಆ ಪತ್ರಿಕೆ ನಿಂತದ್ದು 1975ರಲ್ಲಿ, ತುರ್ತು ಪರಿಸ್ಥಿತಿಯ ವರ್ಷ. ಅದೇ ವರ್ಷದ ಡಿಸೆಂಬರ್‌ನಲ್ಲಿ ಅಬು ಅಬ್ರಹಾಂ ಒಂದು ಚಿತ್ರ ಬರೆದರು. ರಾಷ್ಟ್ರಪತಿಗಳು ಸ್ನಾನದ ತೊಟ್ಟಿಯಲ್ಲಿ ಕೂತೇ ಸುಗ್ರೀವಾಜ್ಞೆಗೆ ಸಹಿ ಹಾಕಿ ಕೊಡುತ್ತಿದ್ದಾರೆ. ಇನ್ನೂ ಇದ್ದರೆ ಸ್ವಲ್ಪ ಕಾಯಲು ಹೇಳಿ ಅನ್ನುತ್ತಿದ್ದಾರೆ. ಆ ವರ್ಷದ ಸುದ್ದಿಗಳನ್ನು ನಾನು ಮಕ್ಕಳಿಗೆ ಎಷ್ಟು ವಿವರಿಸಿದರೂ ತಲೆಗೆ ಹೋಗುವುದಿಲ್ಲ. ಆ ಚಿತ್ರ ತೋರಿಸಿದರೆ ಸಂಸತ್ತನ್ನು ಬದಿಗೆ ಸರಿಸಿ ದೇಶ ಆಳುವುದು ಅಂದರೆ ಏನು ಎಂದು ಒಂದು ನಿಮಿಷದಲ್ಲಿ ತಿಳಿಯುತ್ತದೆ.

ಹಾಗಾಗಿ ನನ್ನ ಕೋರಿಕೆ. ಮುಂದಿನ ಜುಲೈ 1ಕ್ಕೆ ಮತ್ತೆ ಪತ್ರಿಕಾ ದಿನಾಚರಣೆ ಬರುತ್ತದೆ. 1843ರ ಅದೇ ದಿನ ‘ಮಂಗಳೂರ ಸಮಾಚಾರ’ ಹೊರಟದ್ದರ ನೆನಪಿಗೆ ಹಾರ, ಶಾಲು, ಭಾಷಣ ಎಲ್ಲ ನಡೆಯುತ್ತದೆ. ಅವತ್ತಿನಿಂದ ನಿಮ್ಮಲ್ಲಿ ಒಬ್ಬರಾದರೂ ಎರಡು ಕಾಲಂ ಅಗಲದ ಜಾಗವನ್ನು ಸ್ಥಳೀಯ ವ್ಯಂಗ್ಯಚಿತ್ರಕ್ಕೆ ಮೀಸಲಿಡಿ. ವಾರಕ್ಕೊಮ್ಮೆ ಒಂದು ವಿಡಂಬನೆಯ ಬರಹ ಇರಲಿ. ಜಾಹೀರಾತು ಬಂದರೆ ಎತ್ತಿಹಾಕುವ ಜಾಗ ಅದಾಗಬಾರದು. ಬರೆದವರಿಗೆ ಸಂಭಾವನೆ ಕೊಡಿ, ಕಡಿಮೆಯಾದರೂ ಸರಿ, ತಿಂಗಳು ತಿಂಗಳು ಕೊಡಿ. ಪುಕ್ಕಟೆ ಬರೆಯುವವರನ್ನು ಬಿಟ್ಟುಕೊಡುವುದು ಸುಲಭ, ಅದಕ್ಕೇ ಹೇಳುತ್ತಿದ್ದೇನೆ. ಯಾರಾದರೂ ಫೋನ್ ಮಾಡಿ ಬೈದರೆ ‘ಹುಡುಗ ಗೊತ್ತಿಲ್ಲದೆ ಬರೆದ’ ಎನ್ನಬೇಡಿ. ‘ನಾನು ನೋಡಿ ಹಾಕಿದ್ದು’ ಎನ್ನಿ. ಬೈದವರು ಲಿಖಿತ ಉತ್ತರ ಕೊಟ್ಟರೆ ಅದನ್ನೂ ಅಷ್ಟೇ ಜಾಗದಲ್ಲಿ ಹಾಕಿ.

ವಿಷಯಕ್ಕೆ ಬರ ಇಲ್ಲ. ದಸರೆಗೆ ಬಂದ ಆನೆಗಳನ್ನು ಪ್ರತಿವರ್ಷ ತೂಕದ ಯಂತ್ರದ ಮೇಲೆ ನಿಲ್ಲಿಸುತ್ತಾರೆ, ಕೆ.ಜಿ. ಲೆಕ್ಕದಲ್ಲಿ ತೂಕ ಅಚ್ಚಾಗುತ್ತದೆ. ದಸರಾ ಖರ್ಚಿನ ಲೆಕ್ಕ ಕೊಡಿ ಎಂಬ ಮಾತೂ ಪ್ರತಿವರ್ಷ ಬೇರೆ ಪುಟದಲ್ಲಿ ಬರುತ್ತದೆ. ನಮ್ಮ ಇನ್ನೊಬ್ಬ ವಿದ್ಯಾರ್ಥಿ ಈ ಎರಡನ್ನೂ ಸೇರಿಸಿ, ಆನೆಯ ಪಕ್ಕದಲ್ಲಿ ಕಡತದ ಗಂಟನ್ನು ತೂಕಕ್ಕೆ ಇಟ್ಟು ಚಿತ್ರ ಬರೆದಿದ್ದಾನೆ. ಮಾವುತ ಆನೆಗೆ ಹೇಳುತ್ತಿದ್ದಾನೆ: ‘ನೀನ್ ಇಳಿಯಪ್ಪ, ನಿಂದ್ ಸರಿಯಾಗದೆ.’ ಇಂಥ ಮಕ್ಕಳು ಮೈಸೂರಿನ ಕಾಲೇಜುಗಳಲ್ಲೂ ಇದ್ದಾರೆ, ಶ್ರೀರಂಗಪಟ್ಟಣದಲ್ಲೂ ಇದ್ದಾರೆ, ನಾಗಮಂಗಲದಲ್ಲೂ ಇದ್ದಾರೆ. ಅವರಿಗೆ ಕೈಯೂ ಇದೆ, ಕಣ್ಣೂ ಇದೆ. ಅಚ್ಚು ಮಾಡುವ ಯಂತ್ರ ನಿಮ್ಮ ಹತ್ತಿರ ಇದೆ.

ನಿಮ್ಮಲ್ಲಿ ಯಾರಾದರೂ ಶುರು ಮಾಡುತ್ತೇವೆ ಎಂದರೆ, ಚಿತ್ರ ಬರೆಯುವ ಮಕ್ಕಳನ್ನು ಕರೆದುಕೊಂಡು ನಾನೇ ನಿಮ್ಮ ಕಚೇರಿಗೆ ಬರುತ್ತೇನೆ. ತರಗತಿ ಮುಗಿದ ಮೇಲೆ, ಸಂಜೆ ನಾಲ್ಕರ ನಂತರ, ಯಾವ ದಿನವಾದರೂ ಸರಿ.

ಇಂತಿ,
ನಿಮ್ಮ ಓದುಗರಲ್ಲಿ ಒಬ್ಬಳು,
ಕನ್ನಡ ಅಧ್ಯಾಪಕಿ, ಮಂಡ್ಯ